ಟ್ಯಾಂಕ್ ಬದಲಾಯಿಸಿದ ಮೇಲೆ ಬೈಕ್ ದಾರಿಯಲ್ಲಿ ನಿಲ್ಲುತ್ತಿದ್ದರೆ: ದೋಷ ಹುಡುಕುವ ಕೈಪಿಡಿ

ಹಳೆಯ ಬೈಕಿಗೆ ಬೇರೆ ಟ್ಯಾಂಕ್ ಕೂರಿಸುವವರು ಈಗ ಜಾಸ್ತಿ ಆಗಿದ್ದಾರೆ. ಆರ್‌ಎಕ್ಸ್ 100ಕ್ಕೆ ಉದ್ದನೆಯ ಕೆಫೆ ರೇಸರ್ ಟ್ಯಾಂಕ್, ಯೆಜ್ಡಿ ರೋಡ್‌ಕಿಂಗ್‌ಗೆ ಹಳೆಯ ಜಾವಾ ಟ್ಯಾಂಕ್, ಬುಲೆಟ್‌ಗೆ ದೊಡ್ಡ ಟ್ಯಾಂಕ್. ಇನ್ನು ಕೆಲವರು ಇರುವ ಟ್ಯಾಂಕನ್ನೇ ಬಿಚ್ಚಿ, ತುಕ್ಕು ತೆಗೆದು, ಒಳಗೆ ಕೋಟಿಂಗ್ ಮಾಡಿ, ಹೊಸ ಪೇಂಟ್ ಹೊಡೆಸಿ ಹಾಕುತ್ತಾರೆ. ಮೊದಲ ದಿನ ಎಲ್ಲ ಚೆನ್ನಾಗಿಯೇ ಇರುತ್ತದೆ. ಮನೆ ಸುತ್ತ ಒಂದು ರೌಂಡ್ ಹೊಡೆದರೆ ಏನೂ ಗೊತ್ತಾಗುವುದಿಲ್ಲ. ಹೈವೇ ಹತ್ತಿ ಹತ್ತು ಹದಿನೈದು ನಿಮಿಷ ಓಡಿಸಿದಾಗ ಗಾಡಿ ಎಳೆಯುವುದು ಕಡಿಮೆಯಾಗುತ್ತದೆ, ಮಿಸ್ಸಿಂಗ್ ಹೊಡೆಯುತ್ತದೆ, ಕೊನೆಗೆ ನಿಲ್ಲುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಕಿಕ್ ಹೊಡೆದರೆ ಮತ್ತೆ ಸ್ಟಾರ್ಟ್.

ಇಲ್ಲಿಂದಲೇ ಹೆಚ್ಚಿನವರು ದಾರಿ ತಪ್ಪುವುದು. ಪೆಟ್ರೋಲನ್ನು ಗಾಳಿಯ ಜೊತೆ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬೊರೇಟರ್ ಬಿಚ್ಚುತ್ತಾರೆ. ಅದರೊಳಗೆ ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್ ಬದಲಾಯಿಸುತ್ತಾರೆ. ಪ್ಲಗ್, ಕಾಯಿಲ್ ಎಲ್ಲ ಹೊಸದು ತರುತ್ತಾರೆ. ಟ್ಯಾಂಕ್ ಬಿಚ್ಚುವ ತನಕ ಸರಿಯಾಗಿದ್ದ ಕಾರ್ಬೊರೇಟರ್ ಟ್ಯಾಂಕ್ ಬದಲಾದ ಮಾತ್ರಕ್ಕೆ ತಾನಾಗಿ ಕೆಡುವುದಿಲ್ಲ ಅಲ್ವಾ? ಕೊನೆಗೆ ಕೈ ಹಾಕಿದ ಜಾಗದಲ್ಲೇ ಮೊದಲು ಹುಡುಕಬೇಕು. ಟ್ಯಾಂಕಿನ ಮುಚ್ಚಳದಿಂದ ಶುರು ಮಾಡಿ, ಪೆಟ್ರೋಲ್ ಇಳಿಯುವ ದಾರಿಯಲ್ಲೇ ಒಂದೊಂದಾಗಿ ಕೆಳಗೆ ಬನ್ನಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಒಟ್ಟಿಗೆ ನಾಲ್ಕು ಕಡೆ ಕೈ ಹಾಕಿದರೆ ಗಾಡಿ ಸರಿಹೋದರೂ ಯಾವುದರಿಂದ ಸರಿಹೋಯಿತು ಎಂದು ತಿಳಿಯುವುದಿಲ್ಲ.

ಇಲ್ಲಿ ಹೇಳುತ್ತಿರುವುದೆಲ್ಲ ಕಾರ್ಬೊರೇಟರ್ ಇರುವ, ಪೆಟ್ರೋಲ್ ತನ್ನ ಭಾರಕ್ಕೆ ತಾನೇ ಕೆಳಗಿಳಿಯುವ ಬೈಕುಗಳ ಬಗ್ಗೆ. 2020ರ ಏಪ್ರಿಲ್‌ನಲ್ಲಿ ಹೊಗೆ ಮಾಲಿನ್ಯದ ಬಿಎಸ್6 ನಿಯಮ ಬಂದ ಮೇಲಿನ ಬೈಕುಗಳಲ್ಲಿ ಹೆಚ್ಚುಕಡಿಮೆ ಎಲ್ಲದಕ್ಕೂ ಫ್ಯೂಯೆಲ್ ಇಂಜೆಕ್ಷನ್ ಇದೆ. ಅವುಗಳ ಪಂಪು ಟ್ಯಾಂಕಿನ ಒಳಗೇ ಇರುತ್ತದೆ, ಪೈಪಿನಲ್ಲಿ ಸುಮಾರು 3 ಬಾರ್ ಒತ್ತಡ ಇರುತ್ತದೆ. ಅಂಥ ಟ್ಯಾಂಕನ್ನು ಮನೆಯಲ್ಲಿ ಮಾಡಿಫೈ ಮಾಡುವ ಯೋಚನೆ ಬೇಡ.

ಕೆಲಸ ಶುರು ಮಾಡುವ ಮೊದಲು

ಪೆಟ್ರೋಲ್ ಸುಮಾರು ಮೈನಸ್ 40 ಡಿಗ್ರಿ ಚಳಿಯಲ್ಲೂ ಬೆಂಕಿ ಹಿಡಿಯುವಷ್ಟು ಆವಿ ಬಿಡುತ್ತದೆ. ನಮ್ಮ ಊರಿನ ಬಿಸಿಲಲ್ಲಿ ಕೇಳುವುದೇ ಬೇಡ. ಆ ಆವಿ ಗಾಳಿಗಿಂತ ಭಾರ. ಮೇಲೆ ಹೋಗದೆ ನೆಲದ ಮೇಲೆ ಹರಡಿಕೊಂಡು ಹೋಗುತ್ತದೆ, ತಗ್ಗಿನ ಜಾಗದಲ್ಲಿ ನಿಲ್ಲುತ್ತದೆ. ಪೋರ್ಟಿಕೋದಲ್ಲಿ ಟ್ಯಾಂಕ್ ಖಾಲಿ ಮಾಡುತ್ತಿದ್ದರೆ ಒಳಗೆ ಉರಿಯುವ ದೇವರ ದೀಪ, ಅಡುಗೆಮನೆಯ ಒಲೆ, ಗ್ಯಾಸ್ ಗೀಸರ್, ನೀರಿನ ಪಂಪಿನ ಸ್ವಿಚ್ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಬಯಲಲ್ಲಿ, ನೆರಳಲ್ಲಿ, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಕೆಲಸ ಮಾಡಿ. ಬ್ಯಾಟರಿಯ ವೈರ್ ತೆಗೆದಿಡಿ. ತೆಗೆದ ಪೆಟ್ರೋಲನ್ನು ತಗಡಿನ ಡಬ್ಬದಲ್ಲಿ ಹಾಕಿ ಮುಚ್ಚಳ ಬಿಗಿ ಮಾಡಿ. ಬಕೆಟ್ಟಿನಲ್ಲಿ ತೆರೆದಿಡುವುದು, ನೀರಿನ ಬಾಟಲಿಯಲ್ಲಿ ತುಂಬಿ ಮಕ್ಕಳ ಕೈಗೆ ಸಿಗುವ ಹಾಗೆ ಇಡುವುದು ಎರಡೂ ಬೇಡ. ಮರಳಿನ ಒಂದು ಬಕೆಟ್ ಅಥವಾ ಪೌಡರ್ ಇರುವ ಬೆಂಕಿ ನಂದಿಸುವ ಸಿಲಿಂಡರ್ ಪಕ್ಕದಲ್ಲಿರಲಿ. ಪೆಟ್ರೋಲ್ ಬೆಂಕಿಗೆ ನೀರು ಹಾಕಿದರೆ ಉರಿ ನೀರಿನ ಮೇಲೆ ತೇಲಿ ಹರಡುತ್ತದೆ.

ಗಾಡಿ ಹೇಗೆ ನಿಂತಿತು?

ಸ್ಪ್ಯಾನರ್ ಹಿಡಿಯುವ ಮೊದಲು ಇದನ್ನು ನೆನಪು ಮಾಡಿಕೊಳ್ಳಿ. ಪೆಟ್ರೋಲ್ ಸಾಲದೆ ನಿಲ್ಲುವ ಗಾಡಿ ಒಮ್ಮೆಲೇ ನಿಲ್ಲುವುದಿಲ್ಲ. ಕಾರ್ಬೊರೇಟರ್ ತಳದಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲಿನಲ್ಲಿ, ಅಂದರೆ ಬೌಲ್‌ನಲ್ಲಿ ಇನ್ನೂ ಕೆಲವು ಚಮಚ ಪೆಟ್ರೋಲ್ ಇರುತ್ತದೆ. ಅದು ಇಳಿಯುತ್ತಾ ಹೋದ ಹಾಗೆ ಪಿಕಪ್ ಬೀಳುತ್ತದೆ, ಎಂಜಿನ್ ಜಗ್ಗುತ್ತದೆ. ಆಗ ಚೋಕ್ ಎಳೆದರೆ ಒಂದೆರಡು ಕ್ಷಣ ಚೇತರಿಸಿಕೊಂಡ ಹಾಗೆ ಆಗುತ್ತದೆ. ಅದಾದರೆ ಪೆಟ್ರೋಲಿನದ್ದೇ ತೊಂದರೆ ಎಂದು ಬಹುಮಟ್ಟಿಗೆ ನಂಬಬಹುದು.

ಸ್ವಿಚ್ ಆಫ್ ಮಾಡಿದ ಹಾಗೆ ಫಟ್ಟನೆ ನಿಂತಿದ್ದರೆ ಕರೆಂಟಿನ ಕಡೆ ನೋಡಿ. ಇದಕ್ಕೂ ಟ್ಯಾಂಕಿಗೂ ಸಂಬಂಧ ಇಲ್ಲ ಅನ್ನಬೇಡಿ. ಎಷ್ಟೋ ಬೈಕುಗಳಲ್ಲಿ ಇಗ್ನಿಷನ್ ಕಾಯಿಲ್ ಮತ್ತು ವೈರಿಂಗ್ ಟ್ಯಾಂಕಿನ ಕೆಳಗೇ ಹೋಗುತ್ತದೆ. ಬೇರೆ ಟ್ಯಾಂಕಿನ ನಡುವಿನ ಟನಲ್ (ಫ್ರೇಮ್ ಹಾಯುವ ಕೆಳಗಿನ ಟೊಳ್ಳು) ಕಿರಿದಾಗಿದ್ದರೆ ವೈರು ಫ್ರೇಮಿಗೂ ತಗಡಿಗೂ ಮಧ್ಯೆ ಸಿಕ್ಕಿ ಉಜ್ಜುತ್ತದೆ. ಗುಂಡಿಗೆ ಇಳಿದಾಗ, ಅಥವಾ ಹ್ಯಾಂಡಲ್ ಪೂರ್ತಿ ತಿರುಗಿಸಿದಾಗ ಮಾತ್ರ ಗಾಡಿ ನಿಂತರೆ ಇದೇ ಇರಬೇಕು. ಟ್ಯಾಂಕ್ ತೆಗೆದು ಅದರ ಕೆಳಮೈ ನೋಡಿ. ಹೊಸ ಪೇಂಟಿನ ಮೇಲೆ ವೈರು ಉಜ್ಜಿದ ಗೆರೆ ಕಾಣುತ್ತದೆ. ಪೆಟ್ರೋಲ್ ಟ್ಯಾಂಕಿನ ಕೆಳಗೆ ತೊಗಟೆ ಸುಲಿದ ವೈರು ಇರುವುದು ಬಲು ಅಪಾಯ, ಹಾಗೇ ಟೇಪ್ ಸುತ್ತಿ ಬಿಡಬೇಡಿ. ವೈರಿನ ದಾರಿಯನ್ನೇ ಬದಲಾಯಿಸಿ. ಹ್ಯಾಂಡಲ್ ತಿರುಗಿಸಿದಾಗ ರೇಸ್ ತಾನಾಗಿ ಏರಿದರೆ ಸಿಕ್ಕಿಕೊಂಡಿರುವುದು ಆಕ್ಸಿಲರೇಟರ್ ಕೇಬಲ್. ಅದನ್ನು ಸರಿಮಾಡದೆ ರಸ್ತೆಗೆ ಇಳಿಯಲೇಬೇಡಿ.

ಮುಚ್ಚಳದ ತೂತು

ಟ್ಯಾಂಕ್ ಬದಲಾದ ಗಾಡಿಗಳಲ್ಲಿ ನಾನು ಮೊದಲು ಅನುಮಾನಿಸುವುದು ಇದನ್ನೇ. ಟ್ಯಾಂಕಿನಿಂದ ಪೆಟ್ರೋಲ್ ಇಳಿದಷ್ಟೂ ಆ ಜಾಗಕ್ಕೆ ಮುಚ್ಚಳದ ಸಣ್ಣ ತೂತಿನಿಂದ ಗಾಳಿ ಬರಬೇಕು. ಗಾಳಿ ಬರದಿದ್ದರೆ ಒಳಗೆ ನಿರ್ವಾತ ಹುಟ್ಟುತ್ತದೆ, ಪೆಟ್ರೋಲ್ ಇಳಿಯುವುದು ನಿಧಾನವಾಗುತ್ತದೆ, ಆಮೇಲೆ ನಿಂತೇಹೋಗುತ್ತದೆ. ಗಾಡಿ ನಿಂತ ಮೇಲೆ ವಾಷರ್ ಸಂದಿಯಿಂದ ಸ್ವಲ್ಪ ಸ್ವಲ್ಪ ಗಾಳಿ ಒಳಗೆ ಸೇರುತ್ತದೆ. ಅದಕ್ಕೇ ಐದು ನಿಮಿಷ ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುವುದು.

ಟ್ಯಾಂಕ್ ತುಂಬಿದ್ದಾಗ ಈ ತೊಂದರೆ ಬೇಗ ಕಾಣುತ್ತದೆ. ಪೆಟ್ರೋಲಿನ ಮೇಲೆ ಇರುವ ಗಾಳಿ ಸ್ವಲ್ಪವೇ ಆದ್ದರಿಂದ ಒಂದಿಷ್ಟು ಪೆಟ್ರೋಲ್ ಇಳಿದರೂ ಒತ್ತಡ ಬೇಗ ಬೀಳುತ್ತದೆ. ಅರ್ಧ ಟ್ಯಾಂಕಿನಲ್ಲಿ ಚೆನ್ನಾಗಿ ಓಡುವ ಗಾಡಿ ಫುಲ್ ಟ್ಯಾಂಕ್ ಮಾಡಿಸಿದ ಮೇಲೆ ನಿಲ್ಲುತ್ತಿದ್ದರೆ ಬೇರೆಲ್ಲ ಬಿಟ್ಟು ಮುಚ್ಚಳ ನೋಡಿ.

ಪರೀಕ್ಷೆ ಸುಲಭ. ಗಾಡಿ ಮಿಸ್ಸಿಂಗ್ ಹೊಡೆಯಲು ಶುರುವಾದ ಕೂಡಲೇ ರಸ್ತೆ ಬದಿಗೆ ನಿಲ್ಲಿಸಿ ಮುಚ್ಚಳ ತೆರೆಯಿರಿ. ‘ಸ್ಸ್’ ಎಂದು ಗಾಳಿ ಒಳಗೆ ಎಳೆದ ಸದ್ದು ಬಂತು, ತಕ್ಷಣ ಗಾಡಿ ಸರಿಯಾಗಿ ಓಡಿತು ಅಂದರೆ ಕಾರಣ ಸಿಕ್ಕಿತು. ಬಿಸಿಲಲ್ಲಿ ನಿಂತ ಗಾಡಿಯ ಮುಚ್ಚಳ ತೆರೆದಾಗಲೂ ಸದ್ದು ಬರುತ್ತದೆ, ಆದರೆ ಅದು ಆವಿ ಹೊರಗೆ ಬರುವ ಸದ್ದು. ಎರಡನ್ನೂ ಬೆರೆಸಬೇಡಿ. ಮುಚ್ಚಳ ಸಡಿಲ ಬಿಟ್ಟುಕೊಂಡು ಗಾಡಿ ಓಡಿಸಿ ಪರೀಕ್ಷೆ ಮಾಡುವ ರೂಢಿ ಕೆಲವರಿಗಿದೆ. ಬ್ರೇಕ್ ಹಾಕಿದಾಗ ಪೆಟ್ರೋಲ್ ಚೆಲ್ಲಿ ಬಿಸಿ ಎಂಜಿನ್ ಮೇಲೆ ಬೀಳುತ್ತದೆ, ದಯವಿಟ್ಟು ಬೇಡ.

ತೂತು ಯಾಕೆ ಮುಚ್ಚಿಕೊಳ್ಳುತ್ತದೆ? ಪೇಂಟ್ ಅಂಗಡಿಯಲ್ಲಿ ಮುಚ್ಚಳವನ್ನೂ ಸೇರಿಸಿ ಸ್ಪ್ರೇ ಹೊಡೆದಿರುತ್ತಾರೆ. ಪಾಲಿಶ್ ಹಾಕಿದಾಗ ಮೇಣ ಸೇರಿರುತ್ತದೆ. ಅಥವಾ ಬೇರೆ ಗಾಡಿಯ ಮುಚ್ಚಳಕ್ಕೆ ಪೂರ್ತಿ ರಬ್ಬರ್ ವಾಷರ್ ಕತ್ತರಿಸಿ ಹಾಕಿರುತ್ತಾರೆ, ಅದು ಗಾಳಿಯ ದಾರಿಯನ್ನೇ ಮುಚ್ಚುತ್ತದೆ. ಮುಚ್ಚಳ ಬಿಚ್ಚಿ, ಪೆಟ್ರೋಲ್ ಒರೆಸಿ, ತೂತಿನ ದಾರಿಯಲ್ಲಿ ತೆಳು ತಂತಿ ಹಾಯಿಸಿ, ಒಂದು ಸಣ್ಣ ಪೈಪ್ ಇಟ್ಟು ಊದಿ ನೋಡಿ. ಕೆಲವು ಮುಚ್ಚಳಗಳಲ್ಲಿ ಸಣ್ಣ ಗುಂಡಿನ ವಾಲ್ವ್ ಇರುತ್ತದೆ: ಗಾಳಿ ಒಳಗೆ ಹೋಗುತ್ತದೆ, ಪೆಟ್ರೋಲ್ ಹೊರಗೆ ಬರುವುದಿಲ್ಲ. ಅದನ್ನು ಡ್ರಿಲ್ ಮಾಡಿ ದೊಡ್ಡ ತೂತು ಮಾಡಿದರೆ ಟ್ಯಾಂಕ್ ತುಂಬಿದಾಗಲೆಲ್ಲ ಪೆಟ್ರೋಲ್ ಜಿನುಗುತ್ತದೆ. ಅದೂ ಅಲ್ಲದೆ ಗಾಡಿ ಬಿದ್ದರೆ ಪೆಟ್ರೋಲ್ ಹೊರಗೆ ಸುರಿಯುತ್ತದೆ.

ಅಳತೆ ಮಾಡಿ ನೋಡಿ

ಮುಚ್ಚಳ ಸರಿ ಇದೆ, ಆದರೂ ಗಾಡಿ ನಿಲ್ಲುತ್ತಿದೆ ಅಂದರೆ ಪೆಟ್ರೋಲ್ ನಿಜಕ್ಕೂ ಎಷ್ಟು ಇಳಿಯುತ್ತಿದೆ ಎಂದು ಅಳೆಯಬೇಕು. ‘ಚೆನ್ನಾಗಿ ಬರ್ತಿದೆ’ ಅನ್ನುವುದು ಅಳತೆ ಅಲ್ಲ.

ಲೆಕ್ಕ ಹೀಗಿದೆ. ಲೀಟರಿಗೆ 30 ಕಿ.ಮೀ. ಕೊಡುವ ಗಾಡಿ ಗಂಟೆಗೆ 60 ಕಿ.ಮೀ. ವೇಗದಲ್ಲಿ ಓಡುತ್ತಿದ್ದರೆ ಗಂಟೆಗೆ 2 ಲೀಟರ್ ಕುಡಿಯುತ್ತದೆ. ಅಂದರೆ ನಿಮಿಷಕ್ಕೆ ಸುಮಾರು 33 ಮಿ.ಲೀ. ಪೂರ್ತಿ ರೇಸ್ ಕೊಟ್ಟು ಏರು ಹತ್ತಿಸುವಾಗ ಅದರ ಎರಡು ಮೂರು ಪಟ್ಟು ಬೇಕಾಗುತ್ತದೆ ಅಂದುಕೊಳ್ಳಿ. ಹಾಗಾಗಿ ನಿಮಿಷಕ್ಕೆ 200 ಮಿ.ಲೀ. ಇಳಿಯುತ್ತಿದ್ದರೆ ಇಂಥ ಗಾಡಿಗೆ ನೆಮ್ಮದಿ. 100ರ ಕೆಳಗೆ ಇದ್ದರೆ ಊರಲ್ಲಿ ಓಡುತ್ತದೆ, ಹೈವೇಯಲ್ಲಿ ಕೈ ಕೊಡುತ್ತದೆ.

ಕಾರ್ಬೊರೇಟರ್ ಕಡೆಯ ಪೈಪ್ ಬಿಚ್ಚಿ, ಗೆರೆ ಇರುವ ಅಳತೆ ಡಬ್ಬಕ್ಕೆ ಬಿಡಿ. ಪೈಪಿನ ತುದಿ ಕಾರ್ಬೊರೇಟರ್ ಇದ್ದ ಎತ್ತರದಲ್ಲೇ ಇರಲಿ, ನೆಲಕ್ಕೆ ಇಳಿಬಿಟ್ಟರೆ ಇಳಿತ ಜಾಸ್ತಿಯಾಗಿ ಅಳತೆ ಸುಳ್ಳಾಗುತ್ತದೆ. ಮುಚ್ಚಳ ಬಿಗಿಯಾಗಿ ಮುಚ್ಚಿರಲಿ. ಟ್ಯಾಂಕಿನ ತಳದಲ್ಲಿರುವ ಪೆಟ್ರೋಲ್ ನಲ್ಲಿ, ಅಂದರೆ ಕಾಕ್ ತೆರೆದು ಮೂರು ನಿಮಿಷ ಬಿಡಿ, ಪ್ರತಿ ನಿಮಿಷಕ್ಕೂ ಎಷ್ಟು ಬಂತು ಎಂದು ಬರೆದುಕೊಳ್ಳಿ. ಮೊದಲ ನಿಮಿಷ ಧಾರೆಯಾಗಿ ಬಂದು ಮೂರನೆಯ ನಿಮಿಷಕ್ಕೆ ಹನಿಯಾದರೆ ಗಾಳಿಯ ದಾರಿ ಇನ್ನೂ ಪೂರ್ತಿ ತೆರೆದಿಲ್ಲ. ಶುರುವಿನಿಂದಲೇ ಸಣ್ಣ ಧಾರೆ ಇದ್ದರೆ ಕಾಕ್, ಜಾಲರಿ, ಫಿಲ್ಟರ್, ಪೈಪ್ ಇವುಗಳಲ್ಲಿ ಎಲ್ಲೋ ತಡೆ ಇದೆ. ಆಗ ಕಾಕ್‌ನ ಬಾಯಲ್ಲೇ ಅಳೆಯಿರಿ, ಆಮೇಲೆ ಫಿಲ್ಟರ್ ಆದ ಮೇಲೆ ಅಳೆಯಿರಿ. ಎಲ್ಲಿ ಅಳತೆ ಬೀಳುತ್ತದೋ ಅದರ ಹಿಂದೆಯೇ ದೋಷ ಇದೆ.

ಇನ್ನೊಂದು ವಿಷಯ. ಕೆಲವು ಬೈಕುಗಳ ಕಾಕ್ ವ್ಯಾಕ್ಯೂಮ್‌ನಿಂದ ತೆರೆಯುವಂಥದ್ದು. ಎಂಜಿನ್ ಕಡೆಯಿಂದ ಬರುವ ಸಣ್ಣ ಪೈಪ್ ಎಳೆದಾಗ ಮಾತ್ರ ಪೆಟ್ರೋಲ್ ಬಿಡುತ್ತದೆ. ಎಂಜಿನ್ ನಿಂತಿರುವಾಗ ಅದರಲ್ಲಿ ಒಂದು ಹನಿಯೂ ಬರದಿದ್ದರೆ ಅದು ದೋಷ ಅಲ್ಲ. ಎಂಜಿನ್ ಎಳೆಯದಿದ್ದರೂ ಪೆಟ್ರೋಲ್ ಬಿಡುವ ಅದರ ಪ್ರೈಮ್ ಸ್ಥಾನಕ್ಕೆ ತಿರುಗಿಸಿ ಅಳೆಯಿರಿ. ಪ್ರೈಮ್‌ನಲ್ಲಿ ಗಾಡಿ ಚೆನ್ನಾಗಿ ಓಡಿ, ಆನ್‌ನಲ್ಲಿ ನಿಲ್ಲುತ್ತಿದ್ದರೆ ಕಾಕ್ ಒಳಗಿನ ರಬ್ಬರ್ ಪೊರೆ (ಡಯಾಫ್ರಮ್) ಹರಿದಿದೆ ಅಥವಾ ಸಣ್ಣ ಪೈಪ್ ಸೀಳಿದೆ.

ಪೆಟ್ರೋಲ್ ಇದೆ, ಇಳಿಯುವುದಿಲ್ಲ

ಟ್ಯಾಂಕ್ ಅಲ್ಲಾಡಿಸಿದರೆ ಒಳಗೆ ಪೆಟ್ರೋಲ್ ಕುಲುಕುವ ಸದ್ದು ಚೆನ್ನಾಗಿ ಕೇಳುತ್ತದೆ, ಗಾಡಿ ಮಾತ್ರ ಸ್ಟಾರ್ಟ್ ಆಗುವುದಿಲ್ಲ. ಬೇರೆ ಬೈಕಿನ ಟ್ಯಾಂಕ್ ಹಾಕಿದವರು ಇದನ್ನು ನೋಡೇ ನೋಡುತ್ತಾರೆ. ಬೈಕಿನ ಟ್ಯಾಂಕ್ ಫ್ರೇಮಿನ ಮೇಲೆ ಎರಡೂ ಕಡೆ ಇಳಿಬಿದ್ದ ಹಾಗೆ ಕೂರುತ್ತದೆ. ಪೆಟ್ರೋಲ್ ನಡುವಿನ ಟನಲ್ ಎತ್ತರಕ್ಕಿಂತ ಕೆಳಗಿಳಿದ ಕೂಡಲೇ ಎಡಕ್ಕೊಂದು ಬಲಕ್ಕೊಂದು ಎರಡು ಬೇರೆ ಬೇರೆ ಹಳ್ಳಗಳಾಗಿಬಿಡುತ್ತದೆ. ಕಾಕ್ ಎಡಗಡೆ ಇದ್ದರೆ ಬಲಗಡೆಯ ಪೆಟ್ರೋಲ್ ಅಲ್ಲೇ ಉಳಿಯುತ್ತದೆ. ಕಂಪನಿಯವರು ಎಷ್ಟೋ ಟ್ಯಾಂಕುಗಳಲ್ಲಿ ಎರಡೂ ಕಡೆಯನ್ನು ಕೂಡಿಸುವ ಒಂದು ಪೈಪ್ ಕೊಟ್ಟಿರುತ್ತಾರೆ. ಮಾಡಿಫೈ ಮಾಡುವಾಗ ‘ಇದೇನು ಬೇಡ’ ಎಂದು ಅದನ್ನು ತೆಗೆದು ಬಾಯಿ ಮುಚ್ಚಿರುತ್ತಾರೆ. ಗಾಡಿಯನ್ನು ಕಾಕ್ ಇರುವ ಕಡೆಗೆ ಚೆನ್ನಾಗಿ ವಾಲಿಸಿ, ಮತ್ತೆ ನೆಟ್ಟಗೆ ನಿಲ್ಲಿಸಿ ಕಿಕ್ ಹೊಡೆಯಿರಿ. ಸ್ಟಾರ್ಟ್ ಆಗಿ ಸ್ವಲ್ಪ ದೂರ ಓಡಿದರೆ ಸಂಶಯವೇ ಬೇಡ. ಆ ಪೈಪ್ ವಾಪಸ್ ಹಾಕಬೇಕು, ಇಲ್ಲದಿದ್ದರೆ ಆ ಕಡೆಗೂ ಒಂದು ಕಾಕ್ ಬೇಕು.

ಇದಕ್ಕೆ ಹತ್ತಿರದ್ದೇ ಇನ್ನೊಂದು, ಟ್ಯಾಂಕ್ ಕೂತ ಕೋನ. ನೋಟ ನೆಟ್ಟಗಿರಲಿ ಎಂದು ಟ್ಯಾಂಕಿನ ಹಿಂಭಾಗ ತಗ್ಗಿಸಿ ಕೂರಿಸುತ್ತಾರೆ. ಕಾಕ್ ಮುಂದೆ ಇದ್ದರೆ ಪೆಟ್ರೋಲ್ ಹಿಂದೆ ಸೇರಿಕೊಳ್ಳುತ್ತದೆ, ಏರಿನಲ್ಲಿ ಇನ್ನೂ ಹಿಂದೆ ಹೋಗುತ್ತದೆ. ಚಾರ್ಮಾಡಿ ಘಾಟಿ ಹತ್ತುವಾಗ ನಿಂತ ಗಾಡಿ ಇಳಿಯುವಾಗ ಸಲೀಸಾಗಿ ಓಡುವುದು ಇದಕ್ಕೇ. ಟ್ಯಾಂಕಿನ ತಳದ ಮೇಲೆ ಗಾರೆ ಕೆಲಸದವರ ರಸಮಟ್ಟ ಇಟ್ಟು ನೋಡಿ. ಸೀಟಿನ ಮೇಲೆ ಒಬ್ಬರು ಕೂತಿರುವಾಗ ನೋಡಬೇಕು, ಯಾಕೆಂದರೆ ಕೂತಾಗ ಹಿಂದಿನ ಶಾಕ್ ಇಳಿದು ಕೋನ ಬದಲಾಗುತ್ತದೆ. ಕಾಕ್ ಇರುವ ಜಾಗವೇ ಎಲ್ಲಕ್ಕಿಂತ ತಗ್ಗಿರಬೇಕು. ಟ್ಯಾಂಕಿನ ತಳ ಕಾರ್ಬೊರೇಟರ್ ಬೌಲ್‌ಗಿಂತ ಮೇಲಿರಬೇಕು ಎಂಬುದನ್ನು ಹೇಳಬೇಕಾಗಿಲ್ಲ.

ಕಾಕ್ ಒಳಗೆ ಎದ್ದುನಿಂತಿರುವ ಒಂದು ಸಣ್ಣ ಕೊಳವೆ ಇರುತ್ತದೆ. ಆನ್‌ನಲ್ಲಿ ಪೆಟ್ರೋಲ್ ಅದರ ಮೇಲಿನ ಬಾಯಿಂದ ಬರುತ್ತದೆ, ರಿಸರ್ವ್‌ನಲ್ಲಿ ತಳದಿಂದ. ಟ್ಯಾಂಕ್ ಬದಲಾದ ಮೇಲೆ ಹಳೆಯ ಕಾಕ್ ಹಾಕಿದರೆ ರಿಸರ್ವ್ ಲೆಕ್ಕ ಪೂರ್ತಿ ಬದಲಾಗುತ್ತದೆ. ಅರ್ಧ ಟ್ಯಾಂಕ್ ಇರುವಾಗಲೇ ಗಾಡಿ ರಿಸರ್ವ್‌ಗೆ ಬೀಳಬಹುದು, ಇಲ್ಲವೇ ರಿಸರ್ವ್ ಎಂಬುದೇ ಇಲ್ಲದಿರಬಹುದು.

ತುಕ್ಕು, ಕೋಟಿಂಗ್, ಎಥನಾಲ್

ಜಾವಾ, ಯೆಜ್ಡಿ ಬೈಕು ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆರ್‌ಎಕ್ಸ್ 100 ತಯಾರಿಕೆ ನಿಂತದ್ದೂ ಅದೇ ವರ್ಷ. ಹಾಗಾಗಿ ಈ ಗಾಡಿಗಳ ಅಸಲಿ ಟ್ಯಾಂಕ್ ಸಿಕ್ಕರೆ ಅದಕ್ಕೆ ಹತ್ತಿರ ಹತ್ತಿರ ಮೂವತ್ತು ವರ್ಷವಾದರೂ ಆಗಿರುತ್ತದೆ. ಒಳಗೆ ತುಕ್ಕು ಇಲ್ಲ ಎಂದು ಯಾರಾದರೂ ಹೇಳಿದರೆ ಟಾರ್ಚ್ ಬಿಟ್ಟು ನೀವೇ ನೋಡಿ.

ಕಾಕ್ ಬಿಚ್ಚಿದಾಗ ಜಾಲರಿಯ ಮೇಲೆ ಕೂತಿರುವ ಕಸವೇ ಅರ್ಧ ಕಥೆ ಹೇಳುತ್ತದೆ. ಅದನ್ನು ಬಿಳಿ ಬಟ್ಟೆಯ ಮೇಲೆ ಉಜ್ಜಿ ನೋಡಿ. ಕೆಂಪು-ಕಂದು ಪುಡಿ, ಅಯಸ್ಕಾಂತಕ್ಕೆ ಅಂಟಿದರೆ ತುಕ್ಕು. ಬೂದು ಬಣ್ಣದ ಪುಡಿ, ಅಂಟದಿದ್ದರೆ ಪೇಂಟಿನ ಪುಟ್ಟಿ ಅಥವಾ ಪ್ರೈಮರ್. ರಬ್ಬರಿನ ಹಾಗೆ ಎಳೆದರೆ ಹಿಗ್ಗುವ ಚೂರು ಸಿಕ್ಕರೆ ಯಾರೋ ಸಿಲಿಕೋನ್ ಗಮ್ ಹಚ್ಚಿದ್ದಾರೆ, ಅದು ಪೆಟ್ರೋಲಿನಲ್ಲಿ ಊದಿ ಚೂರು ಚೂರಾಗಿ ಬರುತ್ತದೆ. ಬಿಳಿ ನೂಲಿನಂಥದ್ದು ಥ್ರೆಡ್‌ಗೆ ಸುತ್ತಿದ ಟೆಫ್ಲಾನ್ ಟೇಪ್. ತೆಳ್ಳಗೆ ಹಾಳೆಯ ಹಾಗೆ ಬಂದರೆ ಒಳಗಿನ ಕೋಟಿಂಗ್ ಎದ್ದಿದೆ.

ಎಲ್ಲದರಲ್ಲೂ ಪತ್ತೆಗೆ ಕಷ್ಟ ಕೊಡುವುದು ಈ ಕೋಟಿಂಗ್. ತುಕ್ಕು ಪೂರ್ತಿ ಹೋಗದ, ಎಣ್ಣೆ ಜಿಡ್ಡು ಉಳಿದ ತಗಡಿನ ಮೇಲೆ ಕೋಟಿಂಗ್ ಹಾಕಿದರೆ ಅದು ಹಿಡಿಯುವುದಿಲ್ಲ. ಕೆಲವು ತಿಂಗಳಲ್ಲಿ ಪೊರೆಯಾಗಿ ಏಳುತ್ತದೆ. ಆ ಪೊರೆ ಪೆಟ್ರೋಲಿನಲ್ಲಿ ಅಲೆದಾಡಿಕೊಂಡಿರುತ್ತದೆ. ಎಂಜಿನ್ ಓಡುವಾಗ ಇಳಿತದ ಎಳೆತಕ್ಕೆ ಬಂದು ಕಾಕ್ ಬಾಯಿಗೆ ಮುಚ್ಚಿಕೊಳ್ಳುತ್ತದೆ, ನಿಂತ ಮೇಲೆ ಕಳಚಿ ತೇಲಿ ಹೋಗುತ್ತದೆ. ಲಕ್ಷಣ ಮುಚ್ಚಳದ ತೂತಿನದ್ದೇ. ವ್ಯತ್ಯಾಸ ಇಷ್ಟು: ಇಲ್ಲಿ ಮುಚ್ಚಳ ತೆರೆದರೂ ಗಾಡಿ ಸರಿಹೋಗುವುದಿಲ್ಲ, ಗಾಡಿ ನಿಲ್ಲುವುದಕ್ಕೆ ಹೊತ್ತು ಗೊತ್ತು ಇರುವುದಿಲ್ಲ. ಎದ್ದ ಕೋಟಿಂಗ್ ಮೇಲೆ ಇನ್ನೊಂದು ಕೋಟಿಂಗ್ ಹಾಕುವುದು ದುಡ್ಡು ದಂಡ. ಹಳೆಯದನ್ನು ಪೂರ್ತಿ ಕರಗಿಸಿ ತೆಗೆಯಬೇಕು.

ತುಕ್ಕು ತೆಗೆಯಲು ಬಾತ್‌ರೂಮ್ ತೊಳೆಯುವ ಆಸಿಡ್ ಹಾಕುವವರಿದ್ದಾರೆ. ಅದು ತುಕ್ಕಿನ ಜೊತೆ ತಗಡನ್ನೂ ತಿನ್ನುತ್ತದೆ. ತಗಡು ಒಂದು ಮಿಲಿಮೀಟರ್ ಆಸುಪಾಸು ಮಾತ್ರ, ಬೆಸುಗೆಯ ಅಂಚಿನಲ್ಲಿ ತೂತು ಬೀಳುತ್ತದೆ. ವಿನೆಗರ್ ಅಥವಾ ಸಿಟ್ರಿಕ್ ಆಸಿಡ್ ನಿಧಾನ, ಆದರೆ ಸಾಧು. ಒಂದೆರಡು ದಿನ ನೆನೆಸಿ, ಚೆಲ್ಲಿ, ಅಡುಗೆ ಸೋಡ ಕದಡಿದ ನೀರಿನಿಂದ ತೊಳೆದು, ತಕ್ಷಣ ಒಣಗಿಸಿ. ಒದ್ದೆ ತಗಡು ನೋಡನೋಡುತ್ತಲೇ ಮತ್ತೆ ಕೆಂಪಾಗುತ್ತದೆ, ಹಾಗಾಗಿ ಒಣಗಿದ ಕೂಡಲೇ ಸ್ವಲ್ಪ ಟೂ-ಸ್ಟ್ರೋಕ್ ಆಯಿಲ್ ಹಾಕಿ ಒಳಗೆಲ್ಲ ಹರಡಿ. ಗಟ್ಟಿ ತುಕ್ಕು ಉದುರಿಸಲು ನಟ್ಟು ಬೋಲ್ಟು ಹಾಕಿ ಕುಲುಕುವ ಬದಲು ಹಳೆಯ ಚೈನಿನ ತುಂಡು ಹಾಕಿ. ಅದು ಒಂದೇ ಎಳೆಯಾಗಿ ಹೊರಗೆ ಬರುತ್ತದೆ. ಬಿಡಿ ನಟ್ಟುಗಳು ಮೂಲೆಯಲ್ಲಿ ಸಿಕ್ಕಿಕೊಂಡರೆ ಹೊರಗೆ ಬರುವುದು ಬಲು ಕಷ್ಟ.

ಎಥನಾಲ್ ಬಗ್ಗೆಯೂ ಹೇಳಬೇಕು. ಶೇ. 20 ಎಥನಾಲ್ ಬೆರೆತ ಇ20 ಪೆಟ್ರೋಲ್ ಬಿಡುಗಡೆಯಾದದ್ದು 2023ರ ಫೆಬ್ರವರಿಯಲ್ಲಿ, ನಮ್ಮ ಬೆಂಗಳೂರಿನಲ್ಲೇ. 1980ರ ದಶಕದ ಗಾಡಿಗಳ ರಬ್ಬರ್ ವಾಷರ್, ಪೈಪ್ ಇದಕ್ಕೆಂದು ಮಾಡಿದ್ದಲ್ಲ, ಊದುತ್ತವೆ ಅಥವಾ ಬಿರಿಯುತ್ತವೆ. ಮನೆಯಲ್ಲಿ ಫೈಬರ್‌ಗ್ಲಾಸ್ ಹಾಕಿ ಮಾಡಿದ ಟ್ಯಾಂಕ್ ಇದ್ದರೆ ಇನ್ನೂ ಹುಷಾರು. ಸಾಮಾನ್ಯ ಪಾಲಿಯೆಸ್ಟರ್ ರೆಸಿನ್ ಎಥನಾಲ್‌ಗೆ ಮೆತ್ತಗಾಗಿ, ಕರಗಿದ ಅಂಟು ಕಾರ್ಬೊರೇಟರ್ ಸೇರುತ್ತದೆ. ಎಥನಾಲ್ ನೀರನ್ನೂ ಎಳೆದುಕೊಳ್ಳುತ್ತದೆ. ನೀರು ಜಾಸ್ತಿಯಾದರೆ ಎಥನಾಲ್ ಸಮೇತ ಬೇರೆಯಾಗಿ ತಳಕ್ಕೆ ಕೂರುತ್ತದೆ, ಕಾಕ್ ಇರುವುದೂ ತಳದಲ್ಲೇ. ಬೌಲ್ ಕೆಳಗಿನ ಸ್ಕ್ರೂ ಬಿಚ್ಚಿ ಪೆಟ್ರೋಲನ್ನು ಗಾಜಿನ ಬಾಟಲಿಗೆ ಹಿಡಿದು ಹತ್ತು ನಿಮಿಷ ಇಡಿ. ಎರಡು ಪದರ ಕಂಡರೆ ಆ ಟ್ಯಾಂಕಿನ ಪೆಟ್ರೋಲ್ ಪೂರ್ತಿ ತೆಗೆಯಬೇಕು. ಮಳೆಗಾಲದಲ್ಲಿ ಮುಚ್ಚಳದ ವಾಷರ್ ಸರಿ ಇಲ್ಲದ ಗಾಡಿಗಳಲ್ಲಿ ಇದು ಜಾಸ್ತಿ.

ಪೈಪ್ ಮತ್ತು ಫಿಲ್ಟರ್

ಇದು ಬೇಗ ಮುಗಿಯುವ ಮಾತು. ಪಾರದರ್ಶಕ ಪ್ಲಾಸ್ಟಿಕ್ ಪೈಪ್ ಚೆನ್ನಾಗಿ ಕಾಣುತ್ತದೆ, ಆರು ತಿಂಗಳಿಗೆ ಗಟ್ಟಿಯಾಗಿ ಕಾಕ್‌ನಿಂದ ಜಾರುತ್ತದೆ. ಪೆಟ್ರೋಲಿಗೆಂದೇ ಬರುವ ರಬ್ಬರ್ ಪೈಪ್ ಹಾಕಿ, ಎರಡೂ ತುದಿಗೆ ಕ್ಲಿಪ್ ಇರಲಿ. ಪಂಪ್ ಇರುವ ಕಾರಿನ ಪೇಪರ್ ಫಿಲ್ಟರ್ ಬೈಕಿಗೆ ಬೇಡ, ಪೆಟ್ರೋಲಿನ ಬರೀ ಭಾರಕ್ಕೆ ಅದರಲ್ಲಿ ಇಳಿತ ಕಡಿಮೆಯಾಗುತ್ತದೆ. ಫಿಲ್ಟರ್ ಅರ್ಧ ಖಾಲಿ ಕಂಡರೆ ಹೆದರಬೇಡಿ, ಹಾಗೆ ಇದ್ದೂ ಸರಿಯಾಗಿ ಇಳಿಯುತ್ತಿರುತ್ತದೆ. ಪೈಪ್ ಎಲ್ಲೂ ಮೇಲೇರಿ ಇಳಿಯಬಾರದು, ಆ ಗೂನಿನಲ್ಲಿ ಗಾಳಿ ನಿಲ್ಲುತ್ತದೆ. ಸಿಲಿಂಡರಿಗೆ ತಾಗಿಕೊಂಡೂ ಹೋಗಬಾರದು.

ಸೋರಿಕೆ ಹುಡುಕುವುದು

ಸೋರುವ ಜಾಗವೂ ಪೆಟ್ರೋಲ್ ತೊಟ್ಟಿಕ್ಕುವ ಜಾಗವೂ ಒಂದೇ ಆಗಿರುವುದು ಅಪರೂಪ. ಪೆಟ್ರೋಲ್ ಅಂಚು ಹಿಡಿದು ಹರಿದು ಬಂದು ಇನ್ನೆಲ್ಲೋ ತೊಟ್ಟಿಕ್ಕುತ್ತದೆ. ಕೆಳಮೈಯನ್ನು ಚೆನ್ನಾಗಿ ಒರೆಸಿ, ಸೀಮೆಸುಣ್ಣ ಪುಡಿ ಮಾಡಿ ಸವರಿ. ಟ್ಯಾಂಕಿನಲ್ಲಿ ಸ್ವಲ್ಪ ಪೆಟ್ರೋಲ್ ಹಾಕಿ ಕಾಯಿರಿ. ಬಿಳಿ ಪುಡಿಯಲ್ಲಿ ಒದ್ದೆ ಗೆರೆ ಎಲ್ಲಿಂದ ಶುರುವಾಗಿದೆಯೋ ಅದೇ ತೂತು. ಹೆಚ್ಚಾಗಿ ಅದು ತಳದ ಬೆಸುಗೆಯ ಅಂಚು, ಮೌಂಟಿಂಗ್ ಬ್ರಾಕೆಟ್ ಅಂಟಿಸಿದ ಜಾಗ, ಇಲ್ಲವೇ ಕಾಕ್ ವಾಷರ್. ಬ್ರಾಕೆಟ್ ಹತ್ತಿರ ಬಿರುಕು ಬಿಟ್ಟಿದ್ದರೆ ರಬ್ಬರ್ ಬುಷ್ ಇಲ್ಲದೆ ಟ್ಯಾಂಕನ್ನು ನೇರ ಫ್ರೇಮಿಗೆ ಬಿಗಿದಿದ್ದಾರೆ. ಬಿರುಕು ಮುಚ್ಚಿಸಿ ಬುಷ್ ಹಾಕದಿದ್ದರೆ ಪಕ್ಕದಲ್ಲೇ ಮತ್ತೆ ಬಿರಿಯುತ್ತದೆ.

ಕಂಪ್ರೆಸರ್ ಗಾಳಿ ತುಂಬಿ ಸೋರಿಕೆ ನೋಡುವವರಿಗೆ ಒಂದು ಲೆಕ್ಕ ಹೇಳುತ್ತೇನೆ. ಟ್ಯಾಂಕಿನ ಒಂದು ಪಕ್ಕ 30 ಸೆಂ.ಮೀ. ಉದ್ದ, 20 ಸೆಂ.ಮೀ. ಎತ್ತರ ಇದೆ ಅಂದುಕೊಳ್ಳಿ. 1 ಬಾರ್ ಒತ್ತಡ ಕೊಟ್ಟರೆ ಆ ಪಕ್ಕದ ಮೇಲೆ ಬೀಳುವುದು ಸುಮಾರು 600 ಕೆ.ಜಿ. ಭಾರ. ಟ್ಯಾಂಕ್ ಉಬ್ಬಿ ಆಕಾರವೇ ಕೆಡುತ್ತದೆ, ಬೆಸುಗೆ ಸೀಳಿದರೂ ಸೀಳಿತು. ಟ್ಯಾಂಕನ್ನು ಸೋಪು ನೀರಿನಲ್ಲಿ ಚೆನ್ನಾಗಿ ತೊಳೆದು, ಬಾಯಿಗಳನ್ನು ಮುಚ್ಚಿ, ನೀರಿನ ತೊಟ್ಟಿಯಲ್ಲಿ ಅದ್ದಿ ಸೈಕಲ್ ಪಂಪಿನಿಂದ ಒಂದೆರಡು ಸಲ ಮೆಲ್ಲಗೆ ಒತ್ತಿದರೆ ಸಾಕು, ಪಂಚರ್ ಅಂಗಡಿಯಲ್ಲಿ ಟ್ಯೂಬ್ ನೋಡಿದ ಹಾಗೆ ಗುಳ್ಳೆ ಕಾಣುತ್ತದೆ.

ದಾರಿಯಲ್ಲಿ ಸೋರಿದರೆ ಲಾರಿಯವರು ಮಾಡುವ ಹಾಗೆ ಬಟ್ಟೆ ಸೋಪನ್ನು ತೂತಿಗೆ ಒತ್ತಿ ಉಜ್ಜಿ. ಸೋಪು ಪೆಟ್ರೋಲಿನಲ್ಲಿ ಕರಗುವುದಿಲ್ಲ, ಹತ್ತಿರದ ಗ್ಯಾರೇಜಿಗೆ ತಲುಪಿಸುತ್ತದೆ. ಅಷ್ಟಕ್ಕೇ ಅದು.

ವೆಲ್ಡಿಂಗ್ ಮನೆಯಲ್ಲಿ ಬೇಡವೇ ಬೇಡ

‘ಟ್ಯಾಂಕ್ ಖಾಲಿ ಇದೆ, ಎರಡು ಸಲ ತೊಳೆದಿದ್ದೇನೆ’ ಎಂದು ವೆಲ್ಡಿಂಗ್ ಮಾಡಲು ಹೋಗಿ ಜನ ಕೈ, ಕಣ್ಣು, ಜೀವ ಕಳೆದುಕೊಂಡಿದ್ದಾರೆ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕೇ ಅಪಾಯ. ಗಾಳಿಯಲ್ಲಿ ಪೆಟ್ರೋಲ್ ಆವಿ ಸುಮಾರು ಶೇ. 1.4ರಿಂದ 7.6ರಷ್ಟು ಇದ್ದಾಗ ಅದು ಸಿಡಿಯುತ್ತದೆ. ತುಂಬಿದ ಟ್ಯಾಂಕಿನಲ್ಲಿ ಆವಿ ಇದಕ್ಕಿಂತ ಜಾಸ್ತಿ ಇರುತ್ತದೆ, ಖಾಲಿ ಮಾಡಿ ಬಾಯಿ ತೆರೆದಿಟ್ಟ ಟ್ಯಾಂಕಿನಲ್ಲಿ ಸರಿಯಾಗಿ ಈ ಮಟ್ಟಕ್ಕೆ ಬರುತ್ತದೆ. ಬೆಸುಗೆಯ ಮಡಿಕೆಯಲ್ಲಿ, ತುಕ್ಕಿನ ಪದರದಲ್ಲಿ ಸಿಕ್ಕಿಕೊಂಡ ಕೆಲವು ಹನಿ ಪೆಟ್ರೋಲ್ ತೊಳೆದರೂ ಹೋಗುವುದಿಲ್ಲ. ಮೂಗಿಗೆ ವಾಸನೆ ಬರದಿರಬಹುದು. ತಗಡು ಬಿಸಿಯಾದ ಕೂಡಲೇ ಅದು ಆವಿಯಾಗುತ್ತದೆ. ವರ್ಷಗಟ್ಟಲೆ ಒಣಗಿ ಬಿದ್ದಿದ್ದ ಟ್ಯಾಂಕಿಗೂ ಈ ಮಾತು ಅನ್ವಯಿಸುತ್ತದೆ. ಗ್ರೈಂಡರ್ ಕಿಡಿ, ಡ್ರಿಲ್, ಸಾಲ್ಡರಿಂಗ್ ಐರನ್ ಕೂಡ ಇದೇ ಸಾಲಿಗೆ ಸೇರುತ್ತವೆ.

ಟ್ಯಾಂಕ್ ಕೆಲಸವನ್ನೇ ಮಾಡುವ ವೆಲ್ಡರ್‌ಗಳು ಟ್ಯಾಂಕನ್ನು ಚೆನ್ನಾಗಿ ತೊಳೆದ ಮೇಲೂ ವೆಲ್ಡ್ ಮಾಡುವ ಜಾಗದ ತನಕ ನೀರು ತುಂಬುತ್ತಾರೆ, ಅಥವಾ ಆರ್ಗಾನ್ ಹಾಯಿಸಿ ಒಳಗಿನ ಗಾಳಿಯನ್ನೇ ಹೊರಹಾಕುತ್ತಾರೆ. ಅವರ ಹತ್ತಿರ ಕೊಡಿ. ಕೊಡುವಾಗ ಅದು ಪೆಟ್ರೋಲ್ ಟ್ಯಾಂಕ್, ಯಾವಾಗ ಖಾಲಿ ಮಾಡಿದ್ದು, ಒಳಗೆ ಕೋಟಿಂಗ್ ಇದೆಯೋ ಇಲ್ಲವೋ ಎಲ್ಲ ಬಾಯಿಬಿಟ್ಟು ಹೇಳಿ. ಗೇಟು, ಗ್ರಿಲ್ ಮಾಡುವ ಅಂಗಡಿಯ ಹುಡುಗನ ಕೈಗೆ ‘ಒಂದು ಚುಕ್ಕೆ ಹಾಕಿಕೊಡಪ್ಪ’ ಎಂದು ಕೊಡಬೇಡಿ. ಆ ಹುಡುಗನ ಜೀವದ ಪ್ರಶ್ನೆ ಅದು.

ಪೇಂಟ್ ಉಬ್ಬಿದರೆ, ಮುಚ್ಚಳದಲ್ಲಿ ಜಿನುಗಿದರೆ

ಹೊಸ ಪೇಂಟಿನಲ್ಲಿ ತಳದ ಅಂಚಿನ ಹತ್ತಿರ ಸಣ್ಣ ಗುಳ್ಳೆ ಎದ್ದರೆ ಪೇಂಟರನ್ನು ಬೈಯುವ ಮೊದಲು ಸೂಜಿಯಿಂದ ಒಂದು ಗುಳ್ಳೆ ಒಡೆದು ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ ಒಳಗಿನಿಂದ ಸೂಜಿಮೊನೆಯಷ್ಟು ತೂತು ಇದೆ. ಎಷ್ಟು ಸಲ ಪೇಂಟ್ ಹೊಡೆದರೂ ಅಲ್ಲೇ ಏಳುತ್ತದೆ. ವಾಸನೆ ಇಲ್ಲದಿದ್ದರೆ ಮಾತ್ರ ಪೇಂಟಿನ ಕೆಲಸದ ದೋಷ.

ಬಿಸಿಲಲ್ಲಿ ನಿಂತಾಗ ಮುಚ್ಚಳದಿಂದ ಜಿನುಗುವುದು ಎಷ್ಟೋ ಸಲ ದೋಷವೇ ಅಲ್ಲ. ಪೆಟ್ರೋಲ್ ಒಂದು ಡಿಗ್ರಿ ಬಿಸಿಗೆ ಸುಮಾರು ಸಾವಿರಕ್ಕೆ ಒಂದು ಪಾಲು ಹಿಗ್ಗುತ್ತದೆ. 12 ಲೀಟರ್ ಟ್ಯಾಂಕನ್ನು ಬಾಯಿಮಟ್ಟ ತುಂಬಿಸಿ 25 ಡಿಗ್ರಿ ಬಿಸಿ ಏರಿದರೆ ಕಾಲು ಲೀಟರಿಗೂ ಜಾಸ್ತಿ ಹೊರಗೆ ಬರಬೇಕು. ಕಂಪನಿ ಟ್ಯಾಂಕುಗಳಲ್ಲಿ ಬಾಯಿ ಒಳಕ್ಕೆ ಇಳಿದಿರುತ್ತದೆ, ಅಲ್ಲಿಗೆ ತುಂಬಿಸಿ ನಿಲ್ಲಿಸಿದರೆ ಮೇಲೆ ಜಾಗ ಉಳಿಯುತ್ತದೆ. ಮಾಡಿಫೈ ಮಾಡಿದ ಟ್ಯಾಂಕುಗಳಿಗೆ ಎಷ್ಟೋ ಸಲ ಆ ಕಂಠ ಇರುವುದಿಲ್ಲ. ಎರಡು ಬೆರಳು ಖಾಲಿ ಬಿಟ್ಟು ತುಂಬಿಸಿ.

ಕಾಗದದ ವಿಷಯವೂ ಇದೆ. ಆರ್‌ಸಿಯಲ್ಲಿ ಗಾಡಿಯ ಬಣ್ಣ ಬರೆದಿರುತ್ತದೆ, ಬಣ್ಣ ಬದಲಾದರೆ ಆರ್‌ಟಿಒದಲ್ಲಿ ಅದನ್ನೂ ಬದಲಾಯಿಸಿಕೊಳ್ಳಬೇಕು. ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಒಪ್ಪುವುದಿಲ್ಲ. ವಿಚಾರಿಸಿಕೊಂಡೇ ಮುಂದುವರಿಯಿರಿ.

ಸರಿಹೋಯಿತು ಎಂದು ಯಾವಾಗ ಹೇಳಬಹುದು?

ಅರ್ಧ ಗಂಟೆ ಓಡಿತು ಎಂದ ಮಾತ್ರಕ್ಕೆ ಅಲ್ಲ. ಟ್ಯಾಂಕ್ ತುಂಬಿಸಿ, ಮುಚ್ಚಳ ಬಿಗಿದು, ಒಂದೇ ವೇಗದಲ್ಲಿ ಅರ್ಧ ಗಂಟೆ ಓಡಿಸಿ. ಆಮೇಲೆ ಒಂದು ಏರು ಹತ್ತಿಸಿ. ಆನ್‌ನಲ್ಲೇ ಬಿಟ್ಟು ರಿಸರ್ವ್‌ಗೆ ಬೀಳುವ ತನಕ ಓಡಿಸಿ ಕಿಲೋಮೀಟರ್ ಬರೆದಿಡಿ. ರಿಸರ್ವ್‌ನಲ್ಲಿ ಎಷ್ಟು ಉಳಿದಿದೆ ಎಂದು ಒಮ್ಮೆ ಡಬ್ಬಕ್ಕೆ ಇಳಿಸಿ ಅಳೆಯಿರಿ, ಹೊಸ ಟ್ಯಾಂಕಿಗೆ ಹಳೆಯ ಲೆಕ್ಕ ನಡೆಯುವುದಿಲ್ಲ. ಹಾಗೇ ಕಾಕ್ ಬಿಚ್ಚಿ ಜಾಲರಿ ನೋಡಿ. ಕಸ ಇದ್ದರೆ ತೊಳೆದು ಹಾಕಿ, ಮುಂದಿನ ಟ್ಯಾಂಕ್ ಮುಗಿದ ಮೇಲೆ ಮತ್ತೆ ಬಿಚ್ಚಿ ನೋಡಿ. ಎರಡನೆಯ ಸಲವೂ ಅಷ್ಟೇ ಕಸ ಬಂದಿದ್ದರೆ ಟ್ಯಾಂಕಿನ ಒಳಗಿನ ಕೆಲಸ ಇನ್ನೂ ಬಾಕಿ ಇದೆ. ಅದನ್ನು ಇಳಿಸಿ ಮತ್ತೆ ತೊಳೆಯಬೇಕು.